ಒತ್ತು ಎಲ್ಲಿದೆ?

ತರಬೇತಿಗೆ ಹೋಗಬೇಕೆಂಬ ಆದೇಶ ಬಂದಾಗ ನಮ್ಮಂಥ ಟೀಚರುಗಳಿಗೆ ಮೊದಲು ನೆನಪಾಗುವುದು ತರಬೇತಿಯ ವಿಷಯವಲ್ಲ, ದೋಸೆ ಹಿಟ್ಟು. ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿಯಬೇಕಾದರೆ ಎಷ್ಟು ರುಬ್ಬಿಡಬೇಕು, ಅತ್ತೆಯವರ ಬಿ.ಪಿ. ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಯಾರಿಗೆ ಹೇಳಿ ಹೋಗಬೇಕು, ಗ್ಯಾಸ್ ಸಿಲಿಂಡರ್ ಆ ಐದು ದಿನ ತಾಳುತ್ತದೆಯೇ – ಇವೆಲ್ಲ ಇತ್ಯರ್ಥವಾದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ, ಕನ್ನಡಕ ಹಾಕಿಕೊಂಡು ಆದೇಶದ ಪ್ರತಿಯನ್ನು ಓದುತ್ತೇವೆ. 2018ರ ಮಳೆಗಾಲದಲ್ಲಿ ನನಗೆ ಬಂದ ಆದೇಶದಲ್ಲಿ ತರಗತಿಯಲ್ಲಿ ತಂತ್ರಜ್ಞಾನ ಬಳಸುವ ಬಗ್ಗೆ ಐದು ದಿನದ ತರಬೇತಿ ಎಂದಿತ್ತು. ನನಗಾಗ ಐವತ್ತೆರಡು ವರ್ಷ. ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಲು ಶುರುಮಾಡಿ ಕಾಲು ಶತಮಾನ ಕಳೆದಿತ್ತು. ಸೀಮೆಸುಣ್ಣದ ಪುಡಿ ಸೀರೆಯ ಸೆರಗಿಗೆ ಅಂಟಿಕೊಂಡಂತೆ ಕೆಲಸವೂ ನನಗೆ ಅಂಟಿಕೊಂಡುಬಿಟ್ಟಿತ್ತು. ಈ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಹುಡುಗರ ಕೈಯಲ್ಲಿ ನಗಿಸಿಕೊಳ್ಳಬೇಕಲ್ಲ ಎಂಬ ಅಳುಕು ಬೇರೆ.

"ಯಾಕಮ್ಮ ಹೆದರ್ತೀಯಾ? ದಿನಾ ಬೆಳಿಗ್ಗೆ ಎಲ್ಲರಿಗೂ ಹೂವಿನ ಚಿತ್ರ ಕಳಿಸ್ತೀಯಲ್ಲ, ಅದೂ ತಂತ್ರಜ್ಞಾನವೇ" ಎಂದಳು ಮಗಳು. ಇಂಜಿನಿಯರಿಂಗ್ ಓದುತ್ತಿದ್ದವಳಿಗೆ ಅಮ್ಮನ ಭಯ ತಮಾಷೆಯಾಗಿ ಕಂಡಿರಬೇಕು.

ತರಬೇತಿ ಕೇಂದ್ರದಲ್ಲಿ ಐವತ್ತು ಜನ ಶಿಕ್ಷಕರು, ಇಪ್ಪತ್ತೈದು ಕಂಪ್ಯೂಟರು. ಎರಡೆರಡು ಜನ ಒಂದೊಂದರ ಮುಂದೆ. ಗಣಿತದವರು, ವಿಜ್ಞಾನದವರು, ಹಿಂದಿಯವರು, ಕನ್ನಡದವರು, ಎಲ್ಲರೂ ಒಂದೇ ಕೋಣೆಯಲ್ಲಿ. ನನ್ನ ಪಾಲಿಗೆ ಬಂದ ಜೊತೆಗಾರರು ಬೇರೆ ಶಾಲೆಯ ವಿಜ್ಞಾನದ ಮೇಷ್ಟ್ರು. ಒಳ್ಳೆಯವರು, ಮಧ್ಯಾಹ್ನ ತಮ್ಮ ಡಬ್ಬಿಯ ಉಪ್ಪಿನಕಾಯಿಯನ್ನು ನನಗೂ ಕೊಟ್ಟರು. ಆದರೆ ಮೌಸನ್ನು ಮಾತ್ರ ಕೊಡಲಿಲ್ಲ. ಸುತ್ತ ಕಣ್ಣಾಡಿಸಿದೆ. ಗಂಡಸು ಹೆಂಗಸು ಜೊತೆಯಾಗಿ ಕೂತ ಕಡೆಯಲ್ಲೆಲ್ಲ ಮೌಸು ಗಂಡಸರ ಕೈಯಲ್ಲಿ, ನೋಟ್ ಪುಸ್ತಕ ಹೆಂಗಸರ ಕೈಯಲ್ಲಿ. ಅವರು ಒತ್ತುವುದು, ನಾವು ಬರೆದುಕೊಳ್ಳುವುದು. ಮನೆಯ ಟೀವಿ ರಿಮೋಟಿನ ಕಥೆಯೇ ಇಲ್ಲಿಯೂ. ಎರಡನೆಯ ದಿನ ಮಧ್ಯಾಹ್ನ ಧೈರ್ಯ ಮಾಡಿ, "ಸಾರ್, ಆ ಇಲೀನ ಒಂದು ಹತ್ತು ನಿಮಿಷ ನನಗೆ ಕೊಡ್ತೀರಾ?" ಎಂದೆ. ಅವರು ನಕ್ಕು ಕೊಟ್ಟರು. ಕೇಳಿದರೆ ಕೊಡುತ್ತಾರೆ; ಕೇಳುವುದಕ್ಕೆ ಒಂದೂವರೆ ದಿನ ಬೇಕಾಯಿತು.

ಕಲಿಸಲು ಬಂದವನು ಚುರುಕಾದ ಹುಡುಗ, ವಿನಯವಂತ. ಮೊದಲ ದಿನ ಕಂಪ್ಯೂಟರಿನ ಅಂಗಾಂಗಗಳ ಪರಿಚಯ. ಎರಡನೆಯ ದಿನ ಇಂಗ್ಲಿಷಿನಲ್ಲಿ ನಮ್ಮ ಹೆಸರು, ಶಾಲೆಯ ಹೆಸರು ಟೈಪ್ ಮಾಡಿ ಅದನ್ನು ದಪ್ಪ ಮಾಡುವುದು, ಓರೆ ಮಾಡುವುದು, ಬಣ್ಣ ಹಚ್ಚುವುದು. ಮೂರನೆಯ ದಿನ ಪವರ್‌ಪಾಯಿಂಟ್. ಯಾವುದಾದರೂ ಒಂದು ಪಾಠವನ್ನು ಆರು ಸ್ಲೈಡುಗಳಲ್ಲಿ ತಯಾರಿಸಿ ಎಂದರು. ಪಕ್ಕದ ಮೇಷ್ಟ್ರು ಹೃದಯದ ಚಿತ್ರ ಇಟ್ಟು ಬಾಣದ ಗುರುತು ಎಳೆಯತೊಡಗಿದರು. ನಾನು ಆರಿಸಿಕೊಂಡದ್ದು ವ್ಯಂಜನಾಕ್ಷರ ಸಂಯೋಗ, ಅಂದರೆ ಒತ್ತಕ್ಷರ. ಮಕ್ಕಳು ಎಡವುವುದು ಅಲ್ಲೇ. ಮೊದಲ ಸ್ಲೈಡಿನಲ್ಲಿ 'ಕನ್ನಡ' ಎಂದು ಬರೆಯಬೇಕಿತ್ತು. ಹುಡುಗನನ್ನು ಕರೆದು ಕೇಳಿದೆ: "ಇದರಲ್ಲಿ ಒತ್ತು ಎಲ್ಲಿದೆಯಪ್ಪ?"

ಅವನು, "ಯಾವ ಬಟನ್ ಒತ್ತಬೇಕು ಅಂತಲಾ ಮೇಡಂ?" ಎಂದ.

"ಬಟನ್ನಲ್ಲ, ಒತ್ತು. ನಕಾರಕ್ಕೆ ನಕಾರದ ಒತ್ತು."

ಅವನು ಬಗ್ಗಿ ನೋಡಿದ, ತಲೆ ಕೆರೆದುಕೊಂಡ. "ಮೇಡಂ, ಈ ಸಿಸ್ಟಮ್ಮುಗಳಿಗೆ ಕನ್ನಡ ಹಾಕಿಲ್ಲ. ನೀವು ಇಂಗ್ಲಿಷಲ್ಲೇ ಮಾಡಿಬಿಡಿ, ಏನೂ ತೊಂದರೆಯಿಲ್ಲ" ಎಂದ.

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಸಿಟ್ಟು ಬಂದದ್ದು ಸಂಜೆ ಬಸ್ಸಿನಲ್ಲಿ, ಅದೂ ಹುಡುಗನ ಮೇಲಲ್ಲ. ಅವನಿಗೆ ಕೊಟ್ಟ ಕೈಪಿಡಿಯಲ್ಲಿ ಕನ್ನಡ ಕೀಲಿಮಣೆಗೆ ಒಂದು ಪುಟವೂ ಇರಲಿಲ್ಲ. ಕನ್ನಡ ಕಲಿಸುವವರನ್ನು ಐದು ದಿನ ಶಾಲೆಯಿಂದ ಬಿಡಿಸಿ ಕರೆಸಿಕೊಂಡು, ಕನ್ನಡದ ಒಂದಕ್ಷರವನ್ನೂ ಟೈಪ್ ಮಾಡಿಸದೆ ಪ್ರಮಾಣಪತ್ರ ಕೊಟ್ಟು ಕಳಿಸುವ ಯೋಜನೆಯನ್ನು ಯಾರೋ ಎಲ್ಲೋ ಮೇಜಿನ ಮುಂದೆ ಕೂತು ತಯಾರಿಸಿದ್ದರು. ಐದನೆಯ ದಿನ ಹಿಮ್ಮಾಹಿತಿ ನಮೂನೆ ತುಂಬಿಸಿಕೊಂಡರು. ತರಬೇತಿ ಹೇಗಿತ್ತು ಎಂಬುದಕ್ಕೆ ನಾನು 'ಅತ್ಯುತ್ತಮ' ಎಂಬಲ್ಲಿ ಗುರುತು ಹಾಕಿದೆ. ಐದೂಕಾಲರ ಬಸ್ಸು ತಪ್ಪಿಹೋಗುವುದರಲ್ಲಿತ್ತು. ಇಂಥ 'ಅತ್ಯುತ್ತಮ'ಗಳನ್ನೇ ಕೂಡಿಸಿ ಮುಂದಿನ ವರ್ಷದ ತರಬೇತಿ ತಯಾರಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಕನ್ನಡಕ್ಕೆ ಸಲಕರಣೆ ಇರಲಿಲ್ಲವೇ ಎಂದರೆ, ಬೇಕಾದಷ್ಟು ಇತ್ತು. ಕೆ.ಪಿ. ರಾವ್ ಅವರು ಕನ್ನಡಕ್ಕೆಂದು ರೂಪಿಸಿದ ಕೀಲಿಮಣೆ ವಿನ್ಯಾಸ ಎಷ್ಟೋ ವರ್ಷಗಳ ಹಿಂದಿನದು. ಶೇಷಾದ್ರಿ ವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿತ್ತು. ನನಗೆ ಬಂದ ತರಬೇತಿಯ ಆದೇಶ ಅಚ್ಚಾದದ್ದೂ ಅದರಲ್ಲೇ ಇರಬೇಕು! ಅದಕ್ಕೆ ದುಡ್ಡನ್ನೂ ಕೊಡಬೇಕಿರಲಿಲ್ಲ.

ಶನಿವಾರ ರಾತ್ರಿ ಮಗಳ ಲ್ಯಾಪ್‌ಟಾಪಿನಲ್ಲಿ ಕಲಿತೆ. ಆ ವಿನ್ಯಾಸದಲ್ಲಿ ಇಂಗ್ಲಿಷಿನ 'ಎಫ್' ಇರುವ ಕೀಲಿಯೇ ಅಕ್ಷರಗಳನ್ನು ಬೆಸೆಯುವ ಕೀಲಿ. ನ ಒತ್ತಿ, ಎಫ್ ಒತ್ತಿ, ಮತ್ತೆ ನ ಒತ್ತಿದರೆ ಎರಡೂ ಸೇರಿ 'ನ್ನ' ಆಗುತ್ತದೆ. ಒತ್ತು ಎಂಬ ಬೇರೆ ಅಕ್ಷರವೇ ಅಲ್ಲಿಲ್ಲ. ನೋಡುತ್ತ ನೋಡುತ್ತ ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ನಾನು ಹೇಳಿಕೊಂಡು ಬಂದದ್ದು ಇದನ್ನೇ ತಾನೆ? ಮೊದಲ ವ್ಯಂಜನದ ಸ್ವರ ಹೋಗಿ, ಎರಡನೆಯ ವ್ಯಂಜನ ಬಂದು ಕೂಡಿಕೊಳ್ಳುತ್ತದೆ ಎಂದು. 'ಸೂರ್ಯ' ಎಂದು ಟೈಪ್ ಮಾಡಿ ನೋಡಿದೆ. ಕೈಯಲ್ಲಿ ಬರೆಯುವಾಗ ಯಕಾರ ಮೊದಲು ಬರೆದು ಅರ್ಕಾವೊತ್ತನ್ನು ಆಮೇಲೆ ಇಡುತ್ತೇವೆ. ಆದ್ದರಿಂದಲೇ ಮಕ್ಕಳು ಗಲಿಬಿಲಿಗೊಂಡು 'ಸೂಯ್ರ' ಎಂದು ಬರೆಯುವುದು, ಕೆಲವರು ಹಾಗೆಯೇ ಓದುವುದು. ಕೀಲಿಮಣೆಯಲ್ಲಿ ಆ ಮೋಸ ನಡೆಯುವುದಿಲ್ಲ. ನಾಲಿಗೆ ಹೇಳುವ ಕ್ರಮದಲ್ಲೇ ಬೆರಳೂ ಹೋಗಬೇಕು: ಮೊದಲು ರ, ಆಮೇಲೆ ಯ. ಅರ್ಕಾವೊತ್ತು ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಯಂತ್ರದ ಹೊಟ್ಟೆಯೊಳಗೆ ಒಂದು ಒಳ್ಳೆಯ ವ್ಯಾಕರಣ ಪಾಠ ಕೂತಿತ್ತು. ಐದು ದಿನ ನಾವು ಅದರ ಮೇಲೆಯೇ ಬೆರಳಿಟ್ಟುಕೊಂಡು ಕೂತಿದ್ದೆವು, ಯಾರೂ ನೋಡಲಿಲ್ಲ. ಹುಡುಗನಿಗೆ ಕಂಪ್ಯೂಟರ್ ಗೊತ್ತಿತ್ತು, ಅರ್ಕಾವೊತ್ತಿನ ತೊಡಕು ಗೊತ್ತಿರಲಿಲ್ಲ. ನನಗೆ ಅರ್ಕಾವೊತ್ತು ಗೊತ್ತಿತ್ತು, ಕೀಲಿ ಗೊತ್ತಿರಲಿಲ್ಲ. ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸುವುದೇ ತರಬೇತಿಯ ಕೆಲಸವಾಗಬೇಕಿತ್ತು.

ಇದನ್ನು ನಾನು ಹೊಸದಾಗಿ ಕಂಡುಹಿಡಿದೆ ಎಂದುಕೊಂಡು ಬೀಗುತ್ತಿದ್ದೆ. ಆಮೇಲೆ ತಿಳಿಯಿತು, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಎಂಬ ಇಬ್ಬರು 2006ರಲ್ಲೇ ಇದನ್ನು ವಿಸ್ತಾರವಾಗಿ ಬರೆದಿದ್ದರು. ವಿಷಯದ ಅರಿವು, ಕಲಿಸುವ ಅರಿವು, ಯಂತ್ರದ ಅರಿವು – ಈ ಮೂರನ್ನೂ ಬೇರೆ ಬೇರೆಯಾಗಿ ಕೊಟ್ಟು ಶಿಕ್ಷಕರೇ ಬೆರೆಸಿಕೊಳ್ಳಲಿ ಎಂದರೆ ಆಗುವುದಿಲ್ಲ. ಮೂರೂ ಕೂಡುವ ಜಾಗದ ತಿಳಿವಳಿಕೆಯೇ ಬೇರೆ, ಅದನ್ನೇ ಬೆಳೆಸಬೇಕು ಎನ್ನುವುದು ಅವರ ವಾದ. ಅಡುಗೆಮನೆಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಳೆ, ಹುಳಿ, ಖಾರ ಮೂರನ್ನೂ ಬೇರೆ ಬೇರೆ ಬಟ್ಟಲಿನಲ್ಲಿಟ್ಟು ಸಾರು ಎಂದು ಬಡಿಸಿದರೆ ಯಾರು ಉಣ್ಣುತ್ತಾರೆ?

ನಮ್ಮ ಸೋದರತ್ತೆಯೊಬ್ಬರು ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರಾಗಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ತಲುಪಿಸಿದರಲ್ಲ, ಸೈಟ್ ಎಂಬ ಹೆಸರಿನ ಪ್ರಯೋಗ? ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಗ ದಸರಾ ರಜೆಯಲ್ಲಿ ಸುಮಾರು 24,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯಾಯಿತು, ಹನ್ನೆರಡು ದಿನ. ಅತ್ತೆ ಹೇಳುತ್ತಿದ್ದರು: ಟೀವಿ ನೋಡಿ ಎದ್ದು ಹೋಗುವ ಹಾಗಿರಲಿಲ್ಲವಂತೆ. ಟೀವಿ ಆದ ಮೇಲೆ ಕೈಯಾರೆ ಮಾಡುವ ಚಟುವಟಿಕೆ, ರೇಡಿಯೋ ಪಾಠ, ಓದಲು ಅಚ್ಚಾದ ಪುಸ್ತಿಕೆ, ಗುಂಪಿನಲ್ಲಿ ಚರ್ಚೆ, ನಡೆಸಿಕೊಡಲು ಒಬ್ಬ ಮೇಷ್ಟ್ರು. ಅತ್ತೆ ಆಗ ಮೊದಲ ಸಲ ಟೀವಿ ನೋಡಿದ್ದು. ಆದರೂ ಮುದುಕಿಯಾದ ಮೇಲೂ ಅವರಿಗೆ ನೆನಪಿದ್ದದ್ದು ಟೀವಿಯಲ್ಲ, ಮಣ್ಣಿನ ಕುಡಿಕೆ, ದಾರ, ಕಲ್ಲು ಇಟ್ಟುಕೊಂಡು ತಾವು ಮಾಡಿದ ಪ್ರಯೋಗ. ಅದು ವಿಜ್ಞಾನದ್ದು ನಿಜ. ಆದರೆ ಪಾಠ ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಯಂತ್ರವನ್ನು ಕರೆದಿದ್ದರು. ನಮ್ಮ ಕಾಲಕ್ಕೆ ಅದು ತಲೆಕೆಳಗಾಯಿತು. ಯಂತ್ರ ಮೊದಲು ಬರುತ್ತದೆ, ಬಟ್ಟೆಯ ಮುಸುಕು ಹಾಕಿಕೊಂಡು ಕೋಣೆಯಲ್ಲಿ ಕೂರುತ್ತದೆ, ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಆಮೇಲೆ ಅದಕ್ಕೊಂದು ಪಾಠ ಹುಡುಕುತ್ತೇವೆ.

ಪಾಠಗಳೂ ಬಂದವು. 2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರ್ಕಾರ 'ದೀಕ್ಷಾ' ವೇದಿಕೆಯನ್ನು ಆರಂಭಿಸಿದ ಮೇಲೆ ಪಠ್ಯಪುಸ್ತಕದ ಪುಟದಲ್ಲಿ ಚೌಕಳಿಯ ಗುರುತು ಬಂತು. ಅದಕ್ಕೆ ಫೋನು ಹಿಡಿದರೆ ವಿಡಿಯೋ ಪಾಠ. ಅಲ್ಲಿ ಇಲ್ಲಿ ಎಂದು ನಾನು ಹಲವಾರು ಕನ್ನಡ ವಿಡಿಯೋ ಪಾಠಗಳನ್ನು ನೋಡಿದ್ದೇನೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಕಾವ್ಯಭಾಗದ್ದು ಬಂದಾಗ ಮಾತ್ರ ನನಗೆ ಕಸಿವಿಸಿ. ಹತ್ತನೆಯ ತರಗತಿಗೆ ಕುಮಾರವ್ಯಾಸನ ಪದ್ಯಭಾಗ ಇತ್ತು, ಕೃಷ್ಣನು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಸಂದರ್ಭ. ನಾನು ನೋಡಿದ ಒಂದು ವಿಡಿಯೋದಲ್ಲಿ ಸೀರಿಯಲ್ಲಿನ ಹಾಗೆ ಕಿರೀಟ ಹೊತ್ತ ಕರ್ಣನ ಚಿತ್ರ, ಹಿಂದೆ ವೀಣೆ ಕೊಳಲು, ಪದ್ಯವನ್ನು ಒಂದೇ ಉಸಿರಿಗೆ ಓದಿ ಸಾರಾಂಶ ಹೇಳಿ ಮುಗಿಸುತ್ತಾರೆ. ಮಕ್ಕಳು ಚಿತ್ರ ನೋಡುತ್ತಾರೆ. ಪದ್ಯ ಕಿವಿಗೆ ಬೀಳುವುದೇ ಇಲ್ಲ.

ಭಾಮಿನಿ ಷಟ್ಪದಿ ಕಿವಿಗೆ ಸೇರಿದ್ದು. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ನಡೆಯುತ್ತವೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದವಾಗಿ ಹೋಗಿ, ಕೊನೆಯ ಗುರುವಿನ ಮೇಲೆ ನಿಲ್ಲುತ್ತದೆ. ಮಕ್ಕಳು ಮೊದಲು ಈ ನಡಿಗೆಯಲ್ಲಿ ಕೈತಟ್ಟಬೇಕು, ಆಮೇಲೆ ಪದ ಬಿಡಿಸಬೇಕು, ಅರ್ಥ ಅದರ ಹಿಂದೆ ಬರುತ್ತದೆ. ಇದಕ್ಕೆ ನಮ್ಮಲ್ಲಿ ಗಮಕ ಎಂಬ ಕಲೆಯೇ ಇದೆಯಲ್ಲ! ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಆ ಕಲೆಯ ಹೆಸರು ಪತ್ರಿಕೆಗಳ ಮುಖಪುಟಕ್ಕೂ ಬಂತು. ಒಬ್ಬ ಒಳ್ಳೆಯ ಗಮಕಿಯ ವಾಚನವನ್ನು ತರಗತಿಯಲ್ಲಿ ಹಾಕಿ, ಎಲ್ಲಿ ನಿಲ್ಲಿಸಬೇಕು, ಹಿಂದಕ್ಕೆ ಓಡಿಸಿ ಯಾವ ಪದವನ್ನು ಇನ್ನೊಮ್ಮೆ ಕೇಳಿಸಬೇಕು, ಯಾವಾಗ ನಿಲ್ಲಿಸಿ ಮಕ್ಕಳ ಬಾಯಲ್ಲಿ ಮುಂದುವರಿಸಬೇಕು – ಒಂದು ಇಡೀ ದಿನ ಇದನ್ನೇ ಮಾಡಿಸಿದ್ದರೆ ಕನ್ನಡ ಮೇಷ್ಟ್ರುಗಳು ಕುಣಿದಾಡಿಬಿಡುತ್ತಿದ್ದರು. ಇದಕ್ಕೆ ದೊಡ್ಡ ಪರದೆ ಬೇಡ. ಒಂದು ಫೋನು, ಒಂದು ಸಣ್ಣ ಸ್ಪೀಕರು ಸಾಕು.

ಈಗ ನಾನು ಹೇಳಬೇಕೆಂದಿದ್ದ ಹುಡುಗಿಯ ವಿಷಯ. 2018ರಲ್ಲಿ ಎಂಟನೆಯ ತರಗತಿಗೆ ಬಂದವಳು. ತಾಂಡಾದಿಂದ ನಡೆದು ಬರುತ್ತಿದ್ದಳು, ಮನೆಮಾತು ಲಂಬಾಣಿ. ಕೊನೆಯ ಬೆಂಚು. ಓದಲು ಎಬ್ಬಿಸಿದರೆ ನಿಲ್ಲುತ್ತಾಳೆ, ಪುಸ್ತಕ ಹಿಡಿಯುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಹಿಂದೆ ಯಾವುದೋ ತರಗತಿಯಲ್ಲಿ ಅವಳ ಹಕಾರ ಅಕಾರವಾಗಿ, 'ಹಸು' ಹೋಗಿ 'ಅಸು' ಆದದ್ದಕ್ಕೆ ಎಲ್ಲರೂ ನಕ್ಕಿದ್ದರಂತೆ. ಇದು ನನಗೆ ತಿಳಿದದ್ದು ಆಮೇಲೆ. ಎರಡು ವರ್ಷ ಅವಳ ದನಿ ನಾನು ಕೇಳಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ನಾನು ಒತ್ತಕ್ಷರ ಮಾಡಿಸಿದ ದಿನ ಮಾತ್ರ ಎಲ್ಲರಿಗಿಂತ ಮೊದಲು 'ಸೂರ್ಯ' ಬರೆದು ಸುಮ್ಮನೆ ಕೂತಿದ್ದಳು. ಓದಲು ಬಾರದವಳು ಎಂದು ನಾನೂ ನನ್ನ ಪುಸ್ತಕದಲ್ಲಿ ಗುರುತು ಮಾಡಿಕೊಂಡಿದ್ದೆ, ಆ ದಿನದ ಮೇಲೂ ಅದನ್ನು ಅಳಿಸಲಿಲ್ಲ. ಇಪ್ಪತ್ತೈದು ವರ್ಷದ ಅನುಭವ ನನ್ನದು!

2020ರಲ್ಲಿ ಶಾಲೆಗಳು ಮುಚ್ಚಿದವು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ 'ಸಂವೇದ' ಪಾಠಗಳು ಶುರುವಾದವು. ಪಾಠ ಕೇಳಿಸಿದರೆ ಸಾಕೇ, ಮಕ್ಕಳು ಓದುವುದನ್ನು ನಾವು ಕೇಳುವುದು ಬೇಡವೇ ಎಂದು ನನಗೆ ಒಂದೇ ತಳಮಳ. ಫೋನಿನಲ್ಲಿ ದನಿ ಮುದ್ರಿಸಿ ಕಳಿಸಲು ಬರುತ್ತದಲ್ಲ, ಹತ್ತನೆಯ ತರಗತಿಯವರಿಗೆಲ್ಲ, ದಿನಕ್ಕೆ ಒಂದು ಪದ್ಯ ಓದಿ ನನಗೊಬ್ಬಳಿಗೇ ಕಳಿಸಿ, ಗುಂಪಿಗೆ ಬೇಡ ಎಂದೆ. ಒಂದು ರಾತ್ರಿ ಒಂಬತ್ತು ಗಂಟೆಯ ಮೇಲೆ ಗುರುತಿಲ್ಲದ ನಂಬರಿನಿಂದ ಒಂದು ನಿಮಿಷದ ದನಿ ಬಂತು. ಅವಳ ಅಪ್ಪ ಗಾರೆ ಕೆಲಸದಿಂದ ಮನೆಗೆ ಬಂದ ಮೇಲೆಯೇ ಫೋನು ಅವಳ ಕೈಗೆ ಸಿಗುವುದು. ತಗಡಿನ ಮೇಲೆ ಮಳೆ ಬೀಳುವ ಸದ್ದು, ಎಲ್ಲೋ ನಾಯಿ ಬೊಗಳುವುದು, ಅದರ ನಡುವೆ ಪಿಸುಮಾತಿನಂಥ ದನಿ. ಕರ್ಣನ ಪದ್ಯ. ಹಕಾರ ಒಂದೆರಡು ಕಡೆ ಜಾರಿತು. ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದ್ದಳು. ಆರನೆಯ ಸಾಲಿನ ಉದ್ದಕ್ಕೆ ಉಸಿರು ಉಳಿಸಿಕೊಂಡಿದ್ದಳು. ಹುಟ್ಟಿನ ಗುಟ್ಟು ಕೇಳಿದವನ ಸಂಕಟ ಆ ಪಿಸುಮಾತಿನಲ್ಲಿ ಇತ್ತು.

ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಮೂರು ಸಲ ಕೇಳಿದೆ. ಆಮೇಲೆ ನನ್ನ ದನಿಯಲ್ಲಿ ಉತ್ತರ ಕಳಿಸಿದೆ, ಎರಡು ಹಕಾರಗಳನ್ನು ಹೇಳಿಕೊಟ್ಟೆ. ಮರುರಾತ್ರಿ ತಿದ್ದಿಕೊಂಡು ಕಳಿಸಿದಳು. ಶಾಲೆ ತೆರೆಯುವ ಹೊತ್ತಿಗೆ ನನ್ನ ಫೋನಿನಲ್ಲಿ ಅವಳ ಮೂವತ್ತಕ್ಕೂ ಹೆಚ್ಚು ಓದುಗಳಿದ್ದವು. ನಾಚುವ ಮಗುವಿಗೆ ಯಾರೂ ನಗದ ಒಂದು ಮೂಲೆಯನ್ನು ಫೋನು ಕೊಡಬಲ್ಲದು ಎಂದು ನನಗೆ ಯಾವ ತರಬೇತಿಯೂ ಹೇಳಿರಲಿಲ್ಲ. ಮುಂದೆ ಬಂದ ತರಬೇತಿಗಳಲ್ಲಿ, ಕೊರೊನಾ ಕಾಲದಲ್ಲಿ ನೀವೇನು ಕಂಡಿರಿ ಎಂದು ನಮ್ಮನ್ನು ಯಾರೂ ಕೇಳಲೂ ಇಲ್ಲ. ಫೋನೇ ಇಲ್ಲದ ಒಂಬತ್ತು ಮಕ್ಕಳು ಅದೇ ತರಗತಿಯಲ್ಲಿದ್ದರು, ಅದನ್ನೂ ಕೇಳಲಿಲ್ಲ.

ಆಮೇಲಿನವು ಹೆಚ್ಚಾಗಿ ಆನ್‌ಲೈನ್ ತರಬೇತಿಗಳು. ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ವಿಡಿಯೋವನ್ನು ಓಡಲು ಬಿಟ್ಟು ನಾನು ಬೀನ್ಸ್ ಹೆಚ್ಚಿದ್ದೇನೆ, ಕುಕ್ಕರ್ ಇಳಿಸಿದ್ದೇನೆ. ಕೊನೆಯ ಪ್ರಶ್ನೆಗಳ ಉತ್ತರಗಳು ಗುಂಪಿನಲ್ಲಿ ಮೊದಲೇ ಬಂದಿರುತ್ತಿದ್ದವು, ನೋಡಿ ಒತ್ತಿದ್ದೇನೆ. ಹಾಗೆ ಬಂದ ಪ್ರಮಾಣಪತ್ರಗಳು ಚಂದದ ಅಂಚಿನೊಡನೆ ನನ್ನ ಕಡತದಲ್ಲಿವೆ. ಮಕ್ಕಳು ಕಾಪಿ ಹೊಡೆದರೆ ಕಿವಿ ಹಿಂಡಿದ ಕೈ ಇದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕೆಂದಿದೆ. ಐವತ್ತು ಗಂಟೆ ಕಡಿಮೆಯೇನಲ್ಲ. ಆ ಗಂಟೆಗಳನ್ನು ಸಂಜೆ ಆರರಿಂದ ಒಂಬತ್ತರ ನಡುವೆ ಹುಡುಕಿಕೊಳ್ಳಬೇಕಾದ ಹೆಂಗಸಿನ ಕಣ್ಣು ಎಲ್ಲಿರುತ್ತದೆ, ಪರದೆಯ ಮೇಲೋ ಒಲೆಯ ಮೇಲೋ ಎಂದು ಲೆಕ್ಕ ಹಾಕಿದವರು ಮಾತ್ರ ಕಡಿಮೆ. ಶಾಲೆಯ ಅವಧಿಯಲ್ಲಿ, ತಿಂಗಳಿಗೊಮ್ಮೆ, ಒಂದು ತಾಲ್ಲೂಕಿನ ಕನ್ನಡದವರಷ್ಟೇ ಸೇರಿ, ಹೋದ ತಿಂಗಳು ಮಾಡಿ ನೋಡಿದ್ದನ್ನು ಈ ತಿಂಗಳು ಹೇಳಿಕೊಳ್ಳುವಂತಿದ್ದರೆ ಐವತ್ತರಲ್ಲಿ ಅರ್ಧ ಗಂಟೆಗಳೇ ಸಾಕಾಗುತ್ತಿದ್ದವು. ಒಂದೇ ಸಲ ಐದು ದಿನ ತುಂಬಿ ಕಳಿಸಿ ಆಮೇಲೆ ಮುಖವನ್ನೂ ನೋಡದ ತರಬೇತಿ, ಮದುವೆ ಮನೆಯ ಊಟದ ಹಾಗೆ. ಹೊಟ್ಟೆ ತುಂಬುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹಸಿವು.

2023ರಲ್ಲಿ ನಮ್ಮ ತಾಲ್ಲೂಕಿನ ಕನ್ನಡ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ನನಗೆ ಕೊಟ್ಟರು. ಮಗಳ ಹಳೆಯ ಲ್ಯಾಪ್‌ಟಾಪನ್ನು ಸೀರೆಯ ಚೀಲದಲ್ಲಿಟ್ಟುಕೊಂಡು ಹೋದೆ. ಸ್ಲೈಡು ಗೀಡು ಏನೂ ಇಲ್ಲ. 'ಕನ್ನಡ' ಎಂದು ಟೈಪ್ ಮಾಡಿ ಎಂದೆ, ಮೊದಲು ಹೆಂಗಸರೇ ಬನ್ನಿ ಎಂದೆ. ನನಗಿಂತ ಮೊದಲು ನಿವೃತ್ತರಾಗಲಿದ್ದ ಒಬ್ಬರು, ಬೇಡ ಬೇಡ ಎನ್ನುತ್ತಲೇ ಬಂದು ಕೂತರು. ಬೆರಳು ನಡುಗುತ್ತಿತ್ತು. ಕ ಒತ್ತಿದರು, ನ ಒತ್ತಿದರು, ನನ್ನ ಮುಖ ನೋಡಿದರು. ಎಫ್ ತೋರಿಸಿದೆ. ಒತ್ತಿ, ಮತ್ತೆ ನ ಒತ್ತಿದರು.

"ಅಯ್ಯೋ, ಅಂಟಿಕೊಂಡ್ತಲ್ರೀ!" ಎಂದರು.

ತಮ್ಮ ಹೆಸರು ಬರೆದರು. ಊರಿನ ಹೆಸರು ಬರೆದರು. ಊಟಕ್ಕೆ ಬಿಟ್ಟಾಗ ಎಲ್ಲರೂ ಎದ್ದರೂ ಅವರು ಏಳಲಿಲ್ಲ. "ಸೂರ್ಯ, ಕಾರ್ಯ, ಪೂರ್ವ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಒಂದೊಂದೇ ಕೀಲಿ ಹುಡುಕುತ್ತಿದ್ದರು. ನಾನು ಎರಡು ತಟ್ಟೆ ಪಲಾವ್ ತಂದು ಪಕ್ಕದಲ್ಲಿ ಕೂತೆ. ಅವರ ತಟ್ಟೆಯದು ಆರಿ ತಣ್ಣಗಾಯಿತು.